ಎದೆ ಕೊಟ್ಟ ಪಾಸ್ ಮಾವ

ಡಾಕ್ಟ್ರಮ್ಮ ಈಗ ಹೃದ್ರೋಗ ವಿಭಾಗಕ್ಕೇ ಮುಖ್ಯಸ್ಥೆ. ಅವಳ ಚಪ್ಪಲಿ ಸದ್ದು ಕೇಳಿದರೆ ವಿದ್ಯಾರ್ಥಿಗಳು ಬೆವರುತ್ತಾರೆ. ಬೆವರಲಿ ಬಿಡಿ. ಆದರೆ ಕೊನೇ ವರ್ಷದ ಪರೀಕ್ಷೆಯಲ್ಲಿ ಇವಳು ಪಾಸಾದದ್ದು ಒಬ್ಬ ದರ್ಜಿಯ ಪಿಸುಮಾತಿನಿಂದ. ಇಪ್ಪತ್ತೆರಡು ವರ್ಷ ಈ ಗುಟ್ಟನ್ನು ಗಂಡನಿಗೂ ಬಿಟ್ಟುಕೊಟ್ಟಿರಲಿಲ್ಲ ಮಹಾತಾಯಿ!

ಆ ದರ್ಜಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಪಾಸ್ ಮಾವ ಅಂತ. ಆಸ್ಪತ್ರೆಯ ಎದುರಿನ ಓಣಿಯಲ್ಲಿ, ಬಾಗಿಲಿನಷ್ಟೇ ಅಗಲದ ಅಂಗಡಿ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೃದಯದ ಕವಾಟವನ್ನು ಕಿರಿದು ಮಾಡಿ ಹೋಗಿತ್ತು. ಮಾತ್ರೆ ನುಂಗಿಕೊಂಡು ಮಿಷನ್ ತುಳಿಯುತ್ತಿದ್ದ ಮಾವ, ವರ್ಷಕ್ಕೆರಡು ದಿನ ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಪರೀಕ್ಷೆಯ ಕೋಣೆಯ ಮಂಚದ ಮೇಲೆ ಹೋಗಿ ಮಲಗುತ್ತಿದ್ದ. ವಿದ್ಯಾರ್ಥಿಗಳು ಅವನ ಎದೆಗೆ ಕಿವಿಗೊಟ್ಟು, ರೋಗ ಯಾವುದೆಂದು ಮೇಷ್ಟ್ರಿಗೆ ಹೇಳಬೇಕು.

ತನ್ನ ಪರೀಕ್ಷೆಯ ದಿನ ಇವಳು ಅವಸರದಲ್ಲಿ ಬಂದು ಸ್ಟೆತಾಸ್ಕೋಪು ಇಟ್ಟಳು. ಏನೂ ಕೇಳಿಸಲಿಲ್ಲ. ಜಾಗ ಬದಲಾಯಿಸಿದಳು. ಊಹೂಂ. ಮನುಷ್ಯ ಹೋಗಿಯೇಬಿಟ್ಟನೇ ಅಂತ ಗಾಬರಿಯಾಗಿ ಮುಖ ನೋಡಿದರೆ, ಹೆಣ ಕಣ್ಣು ಮಿಟುಕಿಸಿತು.

"ತಾಯಿ, ಮೊದಲು ಅದನ್ನ ಕಿವಿಗೆ ಹಾಕ್ಕೋ."

ದಪ್ಪ ದಪ್ಪ ಪುಸ್ತಕ ಉರು ಹೊಡೆದ ಹುಡುಗಿ! ಹಾಕಿಕೊಂಡಳು. ಕೇಳಿಸಿದ್ದು ಬರೀ ತನ್ನ ಎದೆಯ ಢವಢವ.

"ಎಡಮಗ್ಗುಲಿಗೆ ಮಲಗಿಸಿ ಕೇಳು, ಮೇಷ್ಟ್ರಿಗೆ ಅದು ಇಷ್ಟ," ಅಂದ ಮಾವ, ತುಟಿ ಅಲುಗಿಸದೆ. "ಕವಾಟ ಕಿರಿದಾಗಿದೆ, ಮೈಟ್ರಲ್ ಸ್ಟೆನೋಸಿಸ್. ತೊದಲಬೇಡ, ಗಟ್ಟಿಯಾಗಿ ಹೇಳು."

ಗಟ್ಟಿಯಾಗಿ ಹೇಳಿದಳು. ಪಾಸಾದಳು.

ಇಷ್ಟೆಲ್ಲ ಬಲ್ಲ ಮಾವನಿಗೆ ತನ್ನ ವಿಷಯದಲ್ಲಿ ಮಾತ್ರ ಬೇರೆಯೇ ವೈದ್ಯಶಾಸ್ತ್ರ. ಕಾಲು ಊದಿದರೆ ಉಷ್ಣ. ಮೆಟ್ಟಿಲು ಹತ್ತಿ ಏದುಸಿರು ಬಂದರೆ ಗ್ಯಾಸು. ಈ ಗ್ಯಾಸಿನ ತಲೆಗೆ ಕಟ್ಟದ ರೋಗ ಉಂಟೇ! ಡಾಕ್ಟ್ರಮ್ಮನ ಅತ್ತೆಯ ಮಂಡಿನೋವಿಗೂ ಅದೇ ಕಾರಣ. ಹೊಟ್ಟೆಯ ಗ್ಯಾಸು ಮಂಡಿಗೆ ಹೇಗೆ ಇಳಿಯಿತು ಅಂತ ಕೇಳಿದ್ದಕ್ಕೆ, "ನೀನು ಓದಿದ್ದು ಸಾಕು ಬಿಡು," ಅಂದಿದ್ದರು ಅತ್ತೆ.

ಆ ಪರೀಕ್ಷೆಯಾಗಿ ಇಪ್ಪತ್ತೆರಡು ವರ್ಷಕ್ಕೆ, ಒಂದು ದಿನ ಮಾವನ ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡೇ ಬಂದಳು. "ಉಸಿರು ಕಟ್ಟುತ್ತೆ, ಮೂರು ದಿಂಬು ಇಲ್ದೆ ಮಲಗಲ್ಲ ಡಾಕ್ಟ್ರಮ್ಮ. ಕೇಳಿದ್ರೆ ಗ್ಯಾಸಂತೆ!"

ಡಾಕ್ಟ್ರಮ್ಮ ಎದೆ ನೋಡಿದಳು, ಸ್ಕ್ಯಾನ್ ನೋಡಿದಳು. ಕವಾಟ ಅಂಗಿಯ ಗುಂಡಿ ತೂರಿಸುವ ಕಾಜಾದಷ್ಟಾಗಿತ್ತು. ಬದಲಾಯಿಸದಿದ್ದರೆ ಮುಂದಿನ ಪರೀಕ್ಷೆಯ ಹೊತ್ತಿಗೆ ಮಾವ ಇರುವುದಿಲ್ಲ.

"ಆಗಲ್ಲ," ಅಂದ ಮಾವ. "ಎದೆ ಕೊಯ್ದ ಮೇಲೆ ಎದೆಗಾರಿಕೆ ಎಲ್ಲಿ ಉಳಿಯುತ್ತೆ? ಪಕ್ಕದ ಅಂಗಡಿಯವನ ಭಾವ ಆಪರೇಷನ್ ಆದ್ಮೇಲೆ ಜಿರಳೆ ಕಂಡ್ರೂ ಕಿರುಚ್ತಾನಂತೆ."

"ಮೊದಲೂ ಕಿರುಚ್ತಿದ್ದ," ಅಂದಳು ಹೆಂಡತಿ.

ಅವಳನ್ನು ಹೊರಗೆ ಕೂರಿಸಿ ಡಾಕ್ಟ್ರಮ್ಮ ಕುರ್ಚಿ ಹತ್ತಿರ ಎಳೆದುಕೊಂಡಳು. "ಈಗ ನಿಜ ಹೇಳಿ ಮಾವ."

ಮಾವ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ನಾನು ಓದಿದ್ದು ನಾಲ್ಕನೇ ಕ್ಲಾಸು ತಾಯಿ. ವರ್ಷಕ್ಕೆರಡು ದಿನ ಡಾಕ್ಟ್ರುಗಳಿಗೆ ಪಾಠ ಹೇಳ್ತೀನಿ. ರಿಪೇರಿಯಾದ ಎದೇಲಿ ಕೇಳೋಕೆ ಏನಿರುತ್ತೆ? ಆಮೇಲೆ ಯಾರು ಕರೀತಾರೆ ನನ್ನ?"

ಗದರಬೇಕೆಂದು ಹೊರಟ ಡಾಕ್ಟ್ರಮ್ಮನ ಬಾಯಿಗೆ ಬಂದದ್ದೇ ಬೇರೆ.

"ಅವತ್ತು ನನಗೆ ನಿಮ್ಮ ಎದೇಲಿ ಏನೂ ಕೇಳಿಸಿರಲಿಲ್ಲ ಮಾವ. ನೀವು ಹೇಳಿದ್ದನ್ನ ಗಿಳಿ ಥರ ಒಪ್ಪಿಸಿದೆ ಅಷ್ಟೆ. ಈಗ ಕೇಳಿಸ್ತಿದೆ, ಭಯ ಆಗೋಷ್ಟು ಕೇಳಿಸ್ತಿದೆ. ಅವತ್ತು ನಿಮ್ಮ ಮಾತು ನಾನು ಕೇಳಿದೆ. ಇವತ್ತು ನನ್ನ ಮಾತು ನೀವು ಕೇಳಿ."

ಮಾವ ಬಾಯಿ ಬಿಟ್ಟುಕೊಂಡು ನೋಡಿದ. "ಏನೂ ಕೇಳಿಸಿರಲಿಲ್ವಾ?"

"ಏನಂದ್ರೆ ಏನೂ ಇಲ್ಲ."

"ಅಯ್ಯೋ ನಿನ್ನ!" ಮಾವನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡ. "ಆಯ್ತು. ಎಲ್ಲಿ ಸಹಿ ಹಾಕ್ಬೇಕು?"

ಲೋಹದ ಕವಾಟ ಕೂತಿತು. ಎದ್ದು ಕೂರುವಂತಾದಾಗ ಮಾವ ಮೊದಲು ಕೇಳಿದ್ದು ಕನ್ನಡಿ. ಎದೆಯ ಗಾಯ ನೋಡಿ, "ಹೊಲಿಗೆ ಪರವಾಗಿಲ್ಲ. ಕೆಳಗಡೆ ಸ್ವಲ್ಪ ನೆರಿಗೆ ಬಿದ್ದಿದೆ," ಅಂದ. ಪಕ್ಕದಲ್ಲೇ ನಿಂತಿದ್ದ ಸರ್ಜನ್ ಮುಖ ಸಣ್ಣದಾಯಿತು. ಹೆಂಡತಿಯದು ಇನ್ನೊಂದು ದೂರು: "ಇವರ ಎದೆ ಗಡಿಯಾರದ ಹಾಗೆ ಟಿಕ್ ಟಿಕ್ ಅಂತಿದೆ ಡಾಕ್ಟ್ರಮ್ಮ, ಕೆಟ್ಟೋಯ್ತಾ?"

"ಲೋಹದ ಕವಾಟ ಸದ್ದು ಮಾಡೋದೇ ಹಾಗೆ," ಅಂದಳು ಡಾಕ್ಟ್ರಮ್ಮ. ಮಾವನತ್ತ ತಿರುಗಿ ನಕ್ಕಳು. "ಹುಡುಗರಿಗೆ ಹೊಸ ಪಾಠ."

ಮುಂದಿನ ಪರೀಕ್ಷೆಗೆ ಡಾಕ್ಟ್ರಮ್ಮನೇ ಪರೀಕ್ಷಕಿ. ಮಂಚದ ಮೇಲೆ ಇಸ್ತ್ರಿ ಅಂಗಿ ತೊಟ್ಟ ಮಾವ. ತುಟಿಪಿಟಕ್ಕೆನ್ನಬಾರದು ಅಂತ ಮೊದಲೇ ಆಣೆ ಮಾಡಿಸಿಕೊಂಡಿದ್ದಳು. ಒಬ್ಬ ಹುಡುಗಿ ಬಂದಳು. ಸದ್ಯ, ಸ್ಟೆತಾಸ್ಕೋಪು ಕಿವಿಗೆ ಹಾಕಿಕೊಂಡಿದ್ದಳು ಪುಣ್ಯಾತ್ಗಿತ್ತಿ. ಕೇಳಿದಳು, ಹುಬ್ಬು ಗಂಟಿಕ್ಕಿದಳು.

"ನಿಮ್ಮ ವಾಚು ಸ್ವಲ್ಪ ಬಿಚ್ಚಿಡ್ತೀರಾ? ಟಿಕ್ ಟಿಕ್ ಅಂತ ಅಡ್ಡ ಬರ್ತಿದೆ."

ಮಾವ ಡಾಕ್ಟ್ರಮ್ಮನ ಮುಖ ನೋಡಿದ. ಆಣೆ ಆಣೆಯೇ, ತುಟಿ ಬಿಚ್ಚಲಿಲ್ಲ. ಅಂಗಿಯ ತೋಳು ಮೇಲೇರಿಸಿ ಎರಡೂ ಬರಿ ಮಣಿಕಟ್ಟುಗಳನ್ನು ಹುಡುಗಿಯ ಮುಂದೆ ಎತ್ತಿ ಹಿಡಿದ. ಹುಡುಗಿ ಅವನ್ನು ನೋಡಿದಳು, ಬಿಚ್ಚಿದ ಅಂಗಿಯೊಳಗೆ ಎದೆಯ ಹೊಲಿಗೆ ಗುರುತು ನೋಡಿದಳು, ಅವಳ ಮುಖ ಅರಳಿತು.

ಡಾಕ್ಟ್ರಮ್ಮ ಆಗ ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿ ಇದ್ದದ್ದು ಒಂದು ಬೋಳು ಗೋಡೆ.

"ತೊದಲಬೇಡಮ್ಮ," ಅಂದಳು ತಿರುಗದೆಯೇ. "ಗಟ್ಟಿಯಾಗಿ ಹೇಳು."