ಕಳ್ಳಗಾಳಿ

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಗೇಟಿನ ಮುಂದೆ ನಮ್ಮ ಲಾರಿ ಒಂದೇ ಬೆಳಗಿನಲ್ಲಿ ಒಂಬತ್ತು ಸಲ ಬಂದ್ ಆಯಿತು. ಎಣಿಸಿದವಳು ನಾನೇ, ಮಗನ ಮಗ್ಗುಲಿನ ಸೀಟಿನಲ್ಲಿ ಕೂತು. ಅಂದು ಗುರುವಾರ, ಪೇಟೆಯ ದಿನ. ಚೀಲ ಹೇರಿದ ಗಾಡಿಗಳ ಸಾಲು ನಾಲ್ಕು ಮಾರು ಸರಿಯುತ್ತದೆ, ನಿಲ್ಲುತ್ತದೆ. ನಿಂತಾಗಲೆಲ್ಲ ಮಗ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯುವುದು, ಎಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಗುವುದು. ಹಿಂದಿನವರು ಹಾರ್ನ್ ಹೊಡೆದು ಸಾಕಾಗಿ ಕೆಳಗಿಳಿದು ಬಂದರು. ಕೊನೆಗೆ ಹಮಾಲರು ದೂಡಿ ಒಳಗೆ ಹಾಕಿದರು. ಅವರಲ್ಲೊಬ್ಬ ಹೋಗುವಾಗ ಹೇಳಿದ, "ಅಜ್ಜೀ, ಸೋಮವಾರ ಬರೂವಾಗ ಎರಡು ಎತ್ತು ಕಟಗೊಂಡು ಬರ್ರಿ."

ಚೀಲ ಇಳಿಸಿದ ಮೇಲೆ ಮಗ ಅಲ್ಲೇ ತೀರ್ಮಾನ ಹೇಳಿದ.

"ಯವ್ವಾ, ಇದರದ್ದು ಮುಗೀತು. ರಾಣೇಬೆನ್ನೂರಿನ ಗುಜರಿಯಾಂವಗ ಫೋನ್ ಮಾಡೇನಿ. ಮಂಗಳವಾರ ಬಂದು ಒಯ್ತಾನ."

ಗಾಡಿ ನನ್ನ ಹೆಸರಿನಲ್ಲಿದೆ ಎಂದೆ. ಹೆಸರು ನಿನ್ನದು, ಮಂದಿಯ ಕಡೆ ಅನ್ನಿಸಿಕೊಳ್ಳುವವನು ನಾನು ಎಂದ. ಅದೂ ಸುಳ್ಳಲ್ಲ. ಕಡೆಗೆ ಒಂದು ಮಾತಿಗೆ ಬಂದೆವು. ಸೋಮವಾರದ ಪೇಟೆಗೆ ಇದೇ ಲಾರಿ ತರುವುದು. ಸಾಲಿನಲ್ಲಿ ಒಂದು ಸಲ ಬಂದ್ ಆದರೂ ಮಂಗಳವಾರ ಗುಜರಿಗೆ.

ಲಾರಿಯ ಮೇಲೆ ನನಗೆ ಪ್ರೀತಿ ಇದೆ ಎಂದು ಯಾರೂ ತಿಳಿಯಬೇಡಿ. ಕಬ್ಬಿಣದ ಮೇಲೆ ಎಂಥ ಪ್ರೀತಿ. ನಮ್ಮ ಯಜಮಾನರು ಅದನ್ನು ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು. ಸಣ್ಣ ಲಾರಿ, ಪೆಟ್ರೋಲ್ ಎಂಜಿನ್. ಅವರು ತೀರಿಹೋದ ಮೇಲೆ ನನ್ನ ಹೆಸರಿಗೆ ಬಂತು. ಊರವರ ಮೆಣಸಿನಕಾಯಿ ಪೇಟೆಗೆ ಒಯ್ಯುತ್ತದೆ, ಬಾಡಿಗೆ ನನ್ನ ಕೈಗೆ ಬರುತ್ತದೆ. ಅದಿರುವ ತನಕ ಒಂದು ಗುಳಿಗೆಗೂ ನಾನು ಮಗನ ಮುಂದೆ ಕೈಚಾಚಬೇಕಿಲ್ಲ. ಮಗ ಒಳ್ಳೆಯವನೇ, ಆದರೂ ಚಾಚುವ ಕೈ ನನ್ನದಲ್ಲ.

ಗಾಡಿಯನ್ನು ನಾನು ಹೇಗೆಂದರೆ ಹಾಗೆ ಬಿಟ್ಟವಳೂ ಅಲ್ಲ. ಯಜಮಾನರ ಕಾಲದಲ್ಲಿ ಮೋಟೆಬೆನ್ನೂರಿನ ಹತ್ತಿರ ಒಮ್ಮೆ ಚಕ್ರದ ನಟ್ಟು ಸಡಿಲಾಗಿ ಗಾಡಿ ಹೊಲಕ್ಕೆ ಇಳಿದಿತ್ತು. ಅಂದಿನಿಂದ ನಾನೊಂದು ಕಟ್ಟಳೆ ಹಾಕಿದೆ. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟುವ ಮೊದಲು, ಪಾನಾ ಹತ್ತುವ ಎಲ್ಲ ನಟ್ಟುಗಳನ್ನೂ ಬಿಗಿ ಮಾಡಬೇಕು. ಮೊದಲು ಯಜಮಾನರು ಮಾಡುತ್ತಿದ್ದರು, ಆಮೇಲೆ ಮಗ. ಒಂದು ಅಮಾವಾಸ್ಯೆಯೂ ತಪ್ಪಿಲ್ಲ. ನಾನು ಹಿಂದೆ ನಿಂತು, ಇನ್ನೊಂದೀಟು ಎಳಿ ಎನ್ನುತ್ತಿದ್ದೆ.

ಶುಕ್ರವಾರ ಬಾನೆಟ್ ತೆಗೆದೆ. ನಾನು ಕಲಿತದ್ದು ಮೂರನೇ ಇಯತ್ತೆ, ಆದರೆ ಇಪ್ಪತ್ತು ವರ್ಷ ಯಜಮಾನರ ಕೈಗೆ ಪಾನಾ ಕೊಟ್ಟವಳು. ಹಾವೇರಿಯ ಒಂದು ಗ್ಯಾರೇಜಿನವರು ಪ್ಲಗ್ ಬದಲಿಸಿ, ಕಾರ್ಬುರೇಟರ್ ಎರಡು ಸಲ ತೊಳೆದು, ಕಾಲು ತೆಗೆದಾಗಲೂ ಎಂಜಿನ್ ಓಡಿಸುವ ಸ್ಲೋ ಸ್ಕ್ರೂವನ್ನು ಕೊನೆತನಕ ಏರಿಸಿ, ಇನ್ನು ಇದರ ಸಾಮಾನು ಸಿಗುವುದಿಲ್ಲ ಎಂದು ಕೈ ತೊಳೆದುಕೊಂಡಿದ್ದರು. ಅವರು ನೋಡದ ಒಂದು ಸಂಗತಿಯನ್ನು ನಾನು ನೋಡಿದ್ದೆ. ಚೋಕ್ ಅರ್ಧ ಎಳೆದಿಟ್ಟರೆ ಎಂಜಿನ್ ನಿಲ್ಲುತ್ತಿರಲಿಲ್ಲ. ಚೋಕ್ ಎಳೆದರೆ ಮೇಲಿನ ಗಾಳಿ ಕಡಿಮೆಯಾಗುತ್ತದೆ. ಗಾಳಿ ಕಡಿಮೆ ಮಾಡಿದಾಗ ನೆಟ್ಟಗೆ ಓಡುತ್ತದೆ ಅಂದರೆ, ಬೇರೆ ಎಲ್ಲಿಂದಲೋ ಹೆಚ್ಚಿನ ಗಾಳಿ ಒಳಗೆ ಹೋಗುತ್ತಿದೆ. ಯಜಮಾನರು ಅದಕ್ಕೆ ಕಳ್ಳಗಾಳಿ ಎನ್ನುತ್ತಿದ್ದರು.

ಮಗನಿಗೆ ಗಾಡಿ ಚಾಲೂ ಇಡಲು ಹೇಳಿ, ಸಾಬೂನಿನ ನೀರನ್ನು ಬಟ್ಟೆಯಲ್ಲಿ ಅದ್ದಿ ಒಂದೊಂದೇ ಸಂದಿಗೆ ಹಿಂಡುತ್ತ ಬಂದೆ. ಕಾರ್ಬುರೇಟರ್ ಎಂಜಿನ್ನಿಗೆ ಕೂರುವ ಬುಡದಲ್ಲಿ ಹಿಂಡಿದಾಗ ನೀರು ಸುರ್ರೆಂದು ಒಳಗೆ ಹೋಯಿತು, ಎಂಜಿನ್ ಎರಡು ಗಳಿಗೆ ಸ್ವರ ಬದಲಿಸಿ ಸರಿಯಾಗಿ ಓಡಿತು. ಕಳ್ಳ ಸಿಕ್ಕ. ಎರಡು ನಟ್ಟು ಬಿಚ್ಚಿ, ನಡುವಿನ ಪ್ಯಾಕಿಂಗ್ ಬದಲಿಸಿ ಕೂರಿಸಿದೆ. ಮತ್ತೆ ಅದೇ ಬಿಕ್ಕು. ಮಗ ಫೋನ್ ನೋಡುತ್ತ ಒಳಗೆ ಹೋದ. ಏನಾದರೂ ಅಂದಿದ್ದರೆ ನಾನು ತಿರುಗಿ ಅನ್ನಬಹುದಿತ್ತು.

ಶನಿವಾರ ಕಾರ್ಬುರೇಟರನ್ನು ಕೈಚೀಲಕ್ಕೆ ಹಾಕಿಕೊಂಡು ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಯಜಮಾನರ ಕಾಲದ ಮೇಸ್ತ್ರಿಯೊಬ್ಬರಿದ್ದಾರೆ, ಈಗ ನೀರಿನ ಪಂಪು ಮಾತ್ರ ಮಾಡುತ್ತಾರೆ. ಬರಿಗೈಲಿ ಹೋಗಬಾರದೆಂದು ಎರಡು ಹಿಡಿ ಒಣಮೆಣಸಿನಕಾಯಿಯೂ ಚೀಲದಲ್ಲಿತ್ತು. ಮೇಸ್ತ್ರಿ ಕಾರ್ಬುರೇಟರಿನ ಬುಡವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಇದು ಸಪಾಟಾಗಿಲ್ಲ, ಆದರೆ ಎಷ್ಟು ಬಾಗಿದೆ ಎಂದು ತಿಳಿಯಬೇಕಾದರೆ ಗಾಜಿಗೆ ನೀಲಿ ಬಣ್ಣ ಹಚ್ಚಿ ಒತ್ತಿ ನೋಡಬೇಕು ಎಂದರು. ಅವರ ನೀಲಿಯ ಡಬ್ಬಿ ಯಾವಾಗಲೋ ಒಣಗಿ ಕಲ್ಲಾಗಿತ್ತು.

ನಾನು ಚೀಲದಿಂದ ನಾಲ್ಕು ಮೆಣಸಿನಕಾಯಿ ತೆಗೆದೆ. ಬೀಜ ಕೊಡವಿ, ಸಿಪ್ಪೆಯನ್ನು ಒಂದಿಷ್ಟು ಎಣ್ಣೆಯಲ್ಲಿ ಅರೆದು ಬಟ್ಟೆಯಲ್ಲಿ ಹಿಂಡಿದೆ. ಬ್ಯಾಡಗಿಯ ಕಾಯಿ, ಖಾರಕ್ಕಿಂತ ಬಣ್ಣವೇ ಹೆಚ್ಚು. ಆ ಕೆಂಪನ್ನು ಗಾಜಿನ ಮೇಲೆ ತೆಳ್ಳಗೆ ಸವರಿ ಕಾರ್ಬುರೇಟರ್ ಒತ್ತಿ ಎತ್ತಿದೆವು. ನಟ್ಟು ಕೂರುವ ಎರಡು ಕಿವಿಗಳಿಗೆ ಮಾತ್ರ ಕೆಂಪು ಹತ್ತಿತ್ತು. ನಡುವೆಲ್ಲ ಬಿಳಿ, ಗಾಜಿಗೆ ತಾಗಿರಲೇ ಇಲ್ಲ.

ಮೇಸ್ತ್ರಿ ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. "ಅವ್ವಾರ, ಇದು ಮೆತ್ತನ್ನ ಧಾತು. ಯಾರ್ರೀ ಇದನ್ನ ಇಷ್ಟು ಬಿಗದಾರ? ಒಂದ ಸಲಕ್ಕ ಹಿಂಗ ಬಾಗೂದಿಲ್ಲ."

ಅಮಾವಾಸ್ಯೆ ಅಮಾವಾಸ್ಯೆಗೆ ಇನ್ನೊಂದೀಟು ಎಳಿ ಎಂದವಳು ನಾನು. ಇದನ್ನು ಹೇಳಿದೆ. ಮೇಸ್ತ್ರಿ ನಗಲಿಲ್ಲ. ಮಗನಿಗೆ ಏನು ಹೇಳುತ್ತೀರಿ, ಸವೆದಿತ್ತು ಎಂದು ನಾನು ಬೇಕಾದರೆ ಫೋನಿನಲ್ಲಿ ಹೇಳಲೇ ಎಂದರು. ಬೇಡ, ನನ್ನ ಬಾಯಿ ನನಗಿದೆ ಎಂದೆ.

ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಬುಡವನ್ನು ಉಜ್ಜಬೇಕು, ಎಂಟು ಬರೆದಂತೆ ತಿರುಗಿಸುತ್ತ ಎಂದರು. ಯಾವ ಎಂಟು ಎಂದು ಕೇಳಿದೆ. ನಾನು ಶಾಲೆಯಲ್ಲಿ ಬರೆದ ಕನ್ನಡದ ಎಂಟಿಗೆ ಬೇರೆ ಆಕಾರ. ಇಂಗ್ಲಿಷ್ ಎಂಟನ್ನು ಮೇಸ್ತ್ರಿ ಧೂಳಿನಲ್ಲಿ ಬರೆದು ತೋರಿಸಿದರು. ಮಧ್ಯಾಹ್ನದ ತನಕ ಉಜ್ಜಿದೆ. ಉಜ್ಜುವುದು, ಒರೆಸುವುದು, ಕೆಂಪಿಗೆ ಒತ್ತುವುದು. ಪ್ರತಿ ಸಲ ಬಿಳಿ ಕಿರಿದಾಯಿತು. ಕೊನೆಗೆ ಬುಡವೆಲ್ಲ ಒಂದೇ ಸಮ ಕೆಂಪಾಯಿತು. ಅಷ್ಟರಲ್ಲಿ ಮೇಸ್ತ್ರಿ ಹೊಸ ಪ್ಯಾಕಿಂಗ್ ಕತ್ತರಿಸಿಟ್ಟಿದ್ದರು.

ಭಾನುವಾರ ಕೂರಿಸಿದೆ. ಗಿಡ್ಡ ಪಾನಾದಿಂದ ಈ ನಟ್ಟು ಅರ್ಧ ಸುತ್ತು, ಆ ನಟ್ಟು ಅರ್ಧ ಸುತ್ತು, ಪ್ಯಾಕಿಂಗ್ ಹಿಡಿಯಿತು ಎನ್ನಿಸಿದಲ್ಲಿಗೆ ಕೈ ತೆಗೆದೆ. ಇನ್ನೊಂದೀಟು ಎಳೆಯಲು ಕೈ ತುಡಿಯಿತು. ಎಳೆಯಲಿಲ್ಲ. ಚಾಲೂ ಮಾಡಿದೊಡನೆ ಎಂಜಿನ್ ಕಿರುಚತೊಡಗಿತು. ಗ್ಯಾರೇಜಿನವರು ಸ್ಕ್ರೂ ಅಷ್ಟು ಏರಿಸಿದ್ದರು, ಈಗ ಕಳ್ಳಗಾಳಿ ಇಲ್ಲದೆ ಅದು ಹೆಚ್ಚಾಗಿತ್ತು. ಕಾಲು ಕಾಲು ಸುತ್ತು ಇಳಿಸುತ್ತ ಬಂದೆ. ಚೋಕ್ ಎಳೆದಿಲ್ಲ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಎಂಜಿನ್ ತನ್ನ ಪಾಡಿಗೆ ಓಡುತ್ತಿತ್ತು.

ಸೋಮವಾರ ಪೇಟೆಯ ಸಾಲು ಇನ್ನೂ ಉದ್ದವಿತ್ತು. ಸರಿಯುವುದು, ನಿಲ್ಲುವುದು. ಮಗ ಕಾಲು ತೆಗೆದ, ಎಂಜಿನ್ ನಿಲ್ಲಲಿಲ್ಲ. ಅರ್ಧ ಸಾಲು ದಾಟಿದೆವು. ಆಗ ಅವನು ಕೇಳಿದ, "ಏನಾಗಿತ್ತವ್ವಾ ಇದಕ್ಕ?"

"ಅಮಾಸಿಗೊಮ್ಮೆ ಬಿಗಿ ಮಾಡಿ ಮಾಡಿ ಕಾರ್ಬುರೇಟರ್ ಬುಡ ಬಾಗಿತ್ತು. ನೀ ಮಾಡಿದ್ದಲ್ಲ, ನಾ ಮಾಡಿಸಿದ್ದು."

ಅವನು ಮುಂದಿನ ಗಾಡಿಯನ್ನೇ ನೋಡುತ್ತಿದ್ದ. "ಹಂಗಾರ ನನ್ನ ರಟ್ಟಿ ನೋವಿಗೆ ಗುಜರಿಯಾಂವ ಏನ್ ಕೊಡ್ತಾನ ಕೇಳಬೇಕು" ಎಂದ. ಸಾಲು ಮತ್ತೆ ನಿಂತಾಗ ಫೋನ್ ತೆಗೆದು, ನಾಳೆ ಬರಬೇಡ್ರಿ ಎಂದು ಹೇಳಿದ. ಎಂಜಿನ್ ಸದ್ದಿನಲ್ಲಿ ಆ ಕಡೆಯವನಿಗೆ ಕೇಳಿಸದೆ ಎರಡು ಸಲ ಹೇಳಬೇಕಾಯಿತು.

ಈಗಲೂ ಅಮಾವಾಸ್ಯೆಗೆ ಗಾಡಿ ತೊಳೆಯುತ್ತೇವೆ, ನಿಂಬೆಹಣ್ಣು ಕಟ್ಟುತ್ತೇವೆ. ಪಾನಾ ಚಕ್ರಕ್ಕೆ ಮಾತ್ರ. ಬಾನೆಟ್ಟಿನ ಮೇಲೆ ನಾನೇ ಕುಂಕುಮ ಹಚ್ಚುತ್ತೇನೆ, ಅದನ್ನು ಯಾರೂ ತೆರೆಯದಂತೆ ನೋಡಿಕೊಂಡು.