ನಾಲ್ಕು ಸಹಿ, ನಾಲ್ಕು ತೂತು

ಆ ಗುರುವಾರ ನಾನು ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬಂತು, ಹಂಡೆ ಮತ್ತು ಮೂರು ಬಕೆಟ್ ತುಂಬಿಸಿದೆ. ಹಾಲು ಕಾಯಿಸಿದೆ. ಕಾಫಿಪುಡಿ ಮುಗಿದಿತ್ತು, ಡಬ್ಬಿ ಕೊಡವಿ ಎರಡು ಲೋಟ ಕಾಫಿ ಮಾಡಿದೆ. ದಂಟಿನ ಸೊಪ್ಪು ಬಿಡಿಸಿದೆ. ದಿಂಬಿನ ಕವರು ಒಗೆದು ಹಾಕಿದೆ. ಕರೆಂಟ್ ಬಿಲ್ ಕಟ್ಟಿ ಬಂದೆ. ಟೀವಿಯ ಮೇಲೆ ಸೇರಿಕೊಂಡಿದ್ದ ಕಾಗದಗಳನ್ನೆಲ್ಲ ಒಟ್ಟು ಮಾಡಿ ತಂತಿಗೆ ಚುಚ್ಚಿದೆ. ಧೂಳು ಒರೆಸಿದೆ.

ಇಷ್ಟರ ನಡುವೆ ಒಂದು ಉದ್ಯಮವನ್ನೂ ಹೆಚ್ಚುಕಮ್ಮಿ ಮುಗಿಸಿಬಿಟ್ಟಿದ್ದೆ. ಅದು ನನಗೆ ಗೊತ್ತಾದದ್ದು ಮರುದಿನ.

ತಂತಿ ಅಂದರೆ ನಿಮಗೆಲ್ಲ ಗೊತ್ತಿರುವುದೇ. ಕೆಳಗೊಂದು ಮರದ ಬಿಲ್ಲೆ, ಅದರಿಂದ ಮೇಲಕ್ಕೆ ಉದ್ದನೆಯ ಚೂಪು ತಂತಿ, ತುದಿ ಬಗ್ಗಿಸಿ ಮೊಳೆಗೆ ನೇತು ಹಾಕುವುದು. ನಮ್ಮ ಅತ್ತೆಯ ಕಾಲದಿಂದ ಅಡುಗೆಮನೆ ಬಾಗಿಲ ಪಕ್ಕದಲ್ಲಿದೆ. ಬಿಲ್ಲು, ರಸೀದಿ, ಲಗ್ನಪತ್ರಿಕೆ, ಊರಿಂದ ಬಂದ ಪತ್ರ, ಎಲ್ಲದಕ್ಕೂ ಅದೇ ಗತಿ. ನಮ್ಮ ಮನೆಯಲ್ಲಿ ಕಾಗದ ಕಳೆದುಹೋಗುವುದಿಲ್ಲ ಅಂತ ನನಗೊಂದು ಜಂಬ ಇತ್ತು. (ಈಗಲೂ ಸ್ವಲ್ಪ ಇದೆ.)

ಜರೀನಾ ನಮ್ಮ ಹಿತ್ತಿಲ ಗೋಡೆಯ ಆಚೆಯವಳು. ರವೀಂದ್ರನಗರದ ನಮ್ಮ ಬೀದಿಗೆ ಶ್ಯಾವಿಗೆ ಮಾಡಿಕೊಡುವವಳು. ಬೆಂಚಿಗೆ ಬೋಲ್ಟು ಹಾಕಿ ಕೂರಿಸಿದ ಒಂದು ಮೆಷಿನ್, ಅದಕ್ಕೊಂದು ಹಿಡಿಕೆ. ನಾವು ರವೆಯೋ ಹಿಟ್ಟೋ ಡಬ್ಬಿಯಲ್ಲಿ ಕೊಟ್ಟರೆ ಅವಳು ಕಲಸಿ, ತಿರುಗಿಸಿ, ಟೆರೇಸಿನ ಕೋಲುಗಳ ಮೇಲೆ ಒಣಗಿಸಿ ಅದೇ ಡಬ್ಬಿಯಲ್ಲಿ ವಾಪಸ್ ಕೊಡುತ್ತಾಳೆ. ಗಂಡ ಲಾರಿ ಡ್ರೈವರ್, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು.

ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿದಾಗ ಜರೀನಾ ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಒಂದು ತಟ್ಟೆ ದಾಟಿಸುತ್ತಿದ್ದಳು. ಅದರಲ್ಲಿ ಹೆಚ್ಚಿದ ಬೀನ್ಸ್, ಹೆಚ್ಚಿದ ಬದನೆಕಾಯಿ, ತುರಿದ ಕಾಯಿ. ಆಗ ನಮ್ಮ ಅತ್ತೆ ಇದ್ದರು. ಬೇಯಿಸಿದ್ದು ಕಳಿಸಿದರೆ ಅವರು ಮುಟ್ಟುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಯಾರೂ ಹೇಳಿರಲಿಲ್ಲ, ಅವಳೇ ಲೆಕ್ಕ ಹಾಕಿಕೊಂಡು ಹಸಿಯದನ್ನೇ ಕಳಿಸಿದಳು. ಒಂದೂವರೆ ತಿಂಗಳು ನಮ್ಮ ಮನೆಯ ಸಾರು ಅವಳ ಈಳಿಗೆಮಣೆಯಿಂದ ನಡೆಯಿತು.

ಅಂಥವಳ ಭುಜ ಈಗ ಕೈಕೊಟ್ಟಿತ್ತು. ಹಿಡಿಕೆ ತಿರುಗಿಸುವುದು ನಿಲ್ಲಿಸದಿದ್ದರೆ ಕೈ ಮೇಲೆತ್ತುವುದಕ್ಕೇ ಆಗುವುದಿಲ್ಲ ಅಂದಿದ್ದರು ಡಾಕ್ಟರು. ಅದೇ ಹೊತ್ತಿಗೆ ಗಾಂಧಿ ಬಜಾರಿನ ಎರಡು ಅಂಗಡಿಯವರು ರಂಜಾನ್ ಹಬ್ಬಕ್ಕೆ ಶ್ಯಾವಿಗೆ ಕೊಡುತ್ತೀಯಾ ಅಂತ ಕೇಳಿದ್ದರು. ಅಂಗಡಿಯವರು ತಾವಾಗಿ ಕೇಳಿದ್ದು ಅದೇ ಮೊದಲು. ಹಬ್ಬಕ್ಕೆ ಕೊಡದಿದ್ದರೆ ಆಮೇಲೆ ಅವರು ಯಾಕೆ ಕೇಳುತ್ತಾರೆ? ಭದ್ರಾವತಿಯಿಂದ ಹಳೆಯ ಮೋಟಾರೊಂದು ಬಂತು. ಹಳೆ ಸೀರೆ ಹೊದ್ದು ಮೂಲೆಯಲ್ಲಿ ಕೂತಿತು. ಯಾಕೆಂದರೆ ಅದಕ್ಕೆ ತ್ರೀಫೇಸ್ ಕನೆಕ್ಷನ್ ಬೇಕು. ಮನೆಗಳ ನಡುವೆ ಆ ಕನೆಕ್ಷನ್ ಕೊಡಬೇಕಾದರೆ ಸುತ್ತಲಿನ ನಾಲ್ಕು ಮನೆಯವರೂ ಒಂದೇ ಛಾಪಾ ಕಾಗದದ ಮೇಲೆ ‘ನಮ್ಮ ಆಕ್ಷೇಪಣೆ ಇಲ್ಲ’ ಅಂತ ಸಹಿ ಹಾಕಬೇಕು.

ಮೂರು ಸಹಿ ಹಾಕಿಸಿಕೊಂಡು ನಾಲ್ಕನೆಯದಕ್ಕೆ ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಮನೆ ನಮ್ಮ ಯಜಮಾನರ ಹೆಸರಿನಲ್ಲಿದೆ. ಇವರು ಕಾಗದ ಓದಿ, ಕನ್ನಡಕ ತೆಗೆದು, ಇರಲಿ ನೋಡೋಣ ಅಂದರು.

ಇವರು ಹೋದ ವರ್ಷ ರಿಟೈರ್ ಆದರು. ಮೂವತ್ತಮೂರು ವರ್ಷ ಆಫೀಸಿನಲ್ಲಿ ಮಧ್ಯಾಹ್ನ ಒಂದು ಕ್ಷಣ ಕಣ್ಣು ಮುಚ್ಚದವರು. (ಹಾಗಂತ ಅವರು ಹೇಳುತ್ತಾರೆ.) ಈಗ ಊಟವಾದ ಮೇಲೆ ಹಿತ್ತಿಲ ಕಡೆಯ ಕೋಣೆಯಲ್ಲಿ ಎರಡು ಗಂಟೆ ನಿದ್ದೆ. ಗೋಡೆಯಾಚೆ ಮೋಟಾರು ಶುರುವಾದರೆ ಅದರ ಗತಿ ಏನು?

ಅವರೊಬ್ಬರನ್ನೇ ಯಾಕೆ ದೂರಲಿ? ನಾನೂ ಒತ್ತಾಯ ಮಾಡಲಿಲ್ಲ. ಆ ಸದ್ದಿನಲ್ಲಿ ಪತ್ರಿಕೆಗೆ ಈ ಅಂಕಣ ಬರೆಯುವುದು ಹೇಗೆ ಅಂತ ನನಗೂ ಒಳಗೊಳಗೆ ಇತ್ತು. ಜರೀನಾ ಎರಡು ಸಲ ನೆನಪಿಸಿದ ಮೇಲೆ, ಹತ್ತು ದಿನ ಕಳೆದು ಬುಧವಾರ ಇವರು ಸಹಿ ಹಾಕಿ, ಕಾಗದವನ್ನು ಮೊದಲಿನಂತೆಯೇ ನಾಲ್ಕು ಮಡಿಕೆ ಮಾಡಿ ಟೀವಿ ಮೇಲಿಟ್ಟರು. ಮರುದಿನ ಗುರುವಾರ. ನಾನು ಕರೆಂಟ್ ಬಿಲ್ ಕಟ್ಟಿ ಬಂದೆ. ಮುಂದಿನದು ನಿಮಗೆ ಗೊತ್ತು.

ಸಂಜೆ ಜರೀನಾ ಬಂದಾಗ ಹುಡುಕಾಟ. ಕೊನೆಗೆ ಸಿಕ್ಕಿದ್ದು ಕರೆಂಟ್ ಬಿಲ್ಲಿಗೂ ಗ್ಯಾಸ್ ರಸೀದಿಗೂ ನಡುವೆ. ಮಡಿಕೆ ಬಿಡಿಸಿದರೆ ನಾಲ್ಕು ತೂತು, ದಿಕ್ಕಿಗೊಂದು. ಒಂದು ಸರಿಯಾಗಿ ಮೇಲಿನ ಸರ್ಕಾರಿ ಮುದ್ರೆಯ ನಟ್ಟನಡುವೆ. ಅವಳು ನಕ್ಕು, ತೂತು ತಾನೇ ಅಕ್ಕಾ, ಅಕ್ಷರ ಹೋಗಿಲ್ಲವಲ್ಲ ಅಂತ ತೆಗೆದುಕೊಂಡು ಹೋದಳು.

ಶುಕ್ರವಾರ ಕರೆಂಟ್ ಆಫೀಸಿನ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಅವರ ಮೇಜಿನ ಪಕ್ಕದಲ್ಲೂ ಒಂದು ತಂತಿ. ಅದನ್ನೇ ತೋರಿಸಿ, ನಮ್ಮಲ್ಲಿ ಕೆಲಸ ಮುಗಿದ ಕಾಗದ ಮಾತ್ರ ಚುಚ್ಚುವುದು, ಮುದ್ರೆಗೆ ತೂತು ಬಿದ್ದರೆ ರದ್ದಾದ ಹಾಗೆ ಅಂದರಂತೆ. ಮನುಷ್ಯರು ಒಳ್ಳೆಯವರೇ. ಸೋಮವಾರದೊಳಗೆ ಹೊಸ ಕಾಗದ ತಂದರೆ ಹಬ್ಬಕ್ಕೆ ಮುಂಚೆ ಮೀಟರ್ ಕೂರಿಸುವ ಹಾಗೆ ಮಾಡುತ್ತೇನೆ, ತಡವಾದರೆ ಹಬ್ಬ ಕಳೆದ ಮೇಲೆಯೇ ಅಂತಲೂ ಹೇಳಿ ಕಳಿಸಿದರಂತೆ.

ಗೋಡೆಯಾಚೆ ನಿಂತು ಇದನ್ನೆಲ್ಲ ಹೇಳುವಾಗ ಜರೀನಾ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ಬಿಡಿ ಅಕ್ಕಾ, ಈ ಸಲ ಆಗ್ಲಿಲ್ಲ ಅಂದ್ರೆ ಮೆಷಿನ್ ಮಾರಿಬಿಡ್ತೀನಿ. ಕೈ ಅಂತೂ ಬರಲ್ಲ, ಇಟ್ಕೊಂಡು ಏನ್ ಮಾಡ್ಲಿ?”

ಹೋದ ತಿಂಗಳು ಇದೇ ಅಂಕಣದಲ್ಲಿ ನಾನೇನು ಬರೆದಿದ್ದೆ, ನೆನಪಿದೆಯೇ? ಸಣ್ಣ ಉದ್ಯಮಗಳು ಬೆಳೆಯದಿರುವುದಕ್ಕೆ ಕಾರಣ ಬ್ಯಾಂಕು, ಅಧಿಕಾರಿಗಳು, ಹೋಗಿ ಬಂದು ಮಾಡುವ ಕರೆಂಟು ಅಂತ ಒಂದೇ ಉಸಿರಿನಲ್ಲಿ ಬೈದಿದ್ದೆ. ಚೆನ್ನಾಗಿ ಬರೆದಿದ್ದೀರಿ ಅಂತ ನವುಲೆಯ ಓದುಗರೊಬ್ಬರು ಕಾರ್ಡು ಹಾಕಿದ್ದರು. (ಅದೂ ಅದೇ ತಂತಿಯಲ್ಲಿದೆ.) ಬೈದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಜರೀನಾಳ ಕಾಗದ ಸರ್ಕಾರಿ ಕಚೇರಿಯಲ್ಲಿ ಇದ್ದದ್ದು ಹತ್ತು ನಿಮಿಷ. ನಮ್ಮ ಮನೆಯಲ್ಲಿ ಇದ್ದದ್ದು ಹನ್ನೊಂದು ದಿನ.

ಶನಿವಾರ ಬೆಳಿಗ್ಗೆ ನಾನೇ ಹೋಗಿ ಹೊಸ ಛಾಪಾ ಕಾಗದ ತಂದು ಕೋರ್ಟಿನ ಹತ್ತಿರ ಟೈಪ್ ಮಾಡಿಸಿದೆ. ಮೊದಲು ಹಿಡಿದದ್ದು ಇವರ ಮುಂದೆ. ಇವರು ತಕ್ಷಣ ಪೆನ್ನು ತೆಗೆದುಕೊಂಡರು. ಓದಲೂ ಇಲ್ಲ. ಜರೀನಾಳ ಎದುರುಮನೆಯವರು ದೋಸೆ ಹುಯ್ಯುತ್ತಿದ್ದ ಕೈ ಒರೆಸಿಕೊಂಡು ಬಂದು ಸಹಿ ಹಾಕಿದರು, ನನ್ನ ತಂತಿಯ ಕಥೆ ಕೇಳಿ ಬೀದಿಗೆಲ್ಲ ಕೇಳುವಂತೆ ನಕ್ಕರು. ಬಲಗಡೆ ಮನೆಯವರದ್ದೂ ಆಯಿತು. ಒಂದು ಗಂಟೆಯಲ್ಲಿ ಮೂರು ಸಹಿ.

ನಾಲ್ಕನೆಯದೇ ಕಷ್ಟ. ಜರೀನಾಳ ಎಡಗಡೆ ಮನೆಯ ಮಾಲೀಕರು ಮುನಿಸ್ವಾಮಿಯವರು, ಭದ್ರಾವತಿಯಲ್ಲಿರುತ್ತಾರೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಇಲ್ಲಿಯ ಮನೆಗೆ ಬೀಗ ಹಾಕಿದ್ದಾರೆ. ಮೊದಲ ಸಲದ ಸಹಿಗೆ ಜರೀನಾಳನ್ನು ಮೂರು ಸಲ ಭದ್ರಾವತಿಗೆ ಓಡಾಡಿಸಿದ್ದರು.

ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ಸೀಟು ಸಿಕ್ಕಿದ್ದು ಊರು ದಾಟಿದ ಮೇಲೆ. ಕೂತ ಸ್ವಲ್ಪ ಹೊತ್ತಿಗೆ ಜರೀನಾ ಮೆಲ್ಲಗೆ ಹೇಳಿದಳು.

“ಅಕ್ಕಾ, ಅಲ್ಲಿ ನೀವೇನೂ ಹೇಳ್ಬೇಡಿ. ಕಾಗದ ನಾನೇ ಕಳ್ಕೊಂಡೆ ಅಂತೀನಿ. ಪೇಪರ್‌ನಲ್ಲಿ ಬರೆಯೋರು ನೀವು, ಚೆನ್ನಾಗಿರಲ್ಲ.”

ಅವಳ ಮೆಷಿನ್ ಹೋಗುವುದರಲ್ಲಿದೆ. ಅವಳಿಗೆ ನನ್ನ ಮಾನದ ಚಿಂತೆ.

ಮುನಿಸ್ವಾಮಿಯವರು ವರಾಂಡದಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ಎತ್ತರದ ಆಳು, ಬಿಳಿ ಮೀಸೆ, ಕನ್ನಡದೊಳಗೆ ತಮಿಳಿನ ರಾಗ. ಇನ್ನೊಂದು ಸಹಿ ಬೇಕಿತ್ತು ಅಂದದ್ದೇ ತಡ, ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಒಂದ್ಸಲ ಹಾಕಿ ಕೊಟ್ಟಾಯ್ತಲ್ಲಮ್ಮಾ. ಒಂದು ಕಾಗದ ಕಾಪಾಡ್ಕೊಳ್ಳಕ್ಕೆ ಆಗ್ದೋರು ಮೋಟಾರು ಏನ್ ನಡೆಸ್ತೀರ? ನಾಳೆ ಶಾರ್ಟ್ ಆಗಿ ನನ್ನ ಗೋಡೆ ಸುಟ್ರೆ?”

ಜರೀನಾ ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿದಳು. ತಪ್ಪಾಯ್ತು ಸಾರ್ ಅನ್ನುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾನು ಚೀಲದಿಂದ ಹಳೆಯ ಕಾಗದ ತೆಗೆದು ಅವರ ಮುಂದೆ ಹಿಡಿದೆ. ಕಳೆದದ್ದು ಅವಳಲ್ಲ, ಚುಚ್ಚಿದ್ದು ನಾನು ಅಂದೆ. ಹನ್ನೊಂದು ದಿನ ನಮ್ಮ ಮನೆಯಲ್ಲಿ ಕೊಳೆಯಿತು, ಅದನ್ನೂ ಹೇಳಿದೆ. ಇವರ ನಿದ್ದೆಯ ವಿಷಯವನ್ನೂ ಹೇಳಿದೆ. (ಮನೆಗೆ ಬಂದ ಮೇಲೆ ಅದಕ್ಕೊಂದು ಮಾತು ಕೇಳಿದೆ.)

ಅವರು ಕಾಗದವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದರು.

“ನಾಲ್ಕೂ ಒಂದೇ ಅಳತೆ, ಒಂದೇ ಲೈನು. ಕೆಲಸ ಮಾತ್ರ ನೀಟಾಗಿ ಮಾಡಿದೀರಮ್ಮಾ.”

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಒಳಗಿಂದ ಅವರ ಹೆಂಡತಿಯ ನಗು ಕೇಳಿಸಿತು, ಹಿಂದೆಯೇ ಕಾಫಿ ಬಂತು. ಮುನಿಸ್ವಾಮಿಯವರು ಎದ್ದು ನಮ್ಮನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಶೀಟಿನ ಕೆಳಗೆ ಟಾರ್ಪಾಲು ಹೊದ್ದ ಏನೋ ಒಂದು. ಟಾರ್ಪಾಲು ಎತ್ತಿದರೆ ಲೇತ್ ಮೆಷಿನ್. ಎಣ್ಣೆ ಹಾಕಿ ಒರೆಸಿ ಹೊಳೆಯುತ್ತಿತ್ತು, ಇವತ್ತೇ ಕೆಲಸ ಶುರು ಮಾಡುವ ಹಾಗೆ. ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ತಂದದ್ದಂತೆ. ಬುಷ್ಷು, ಪಿನ್ನು, ಪಂಪಿನ ಬಿಡಿಭಾಗ ಮಾಡಿಕೊಂಡು, ಕೆಲಸ ಬಿಟ್ಟ ಇಬ್ಬರನ್ನು ಜೊತೆಗೆ ಹಾಕಿಕೊಳ್ಳುವ ಯೋಚನೆ ಇತ್ತಂತೆ. ನಾಲ್ಕು ವರ್ಷವಾಯಿತು. ಅವರಿಗೂ ಅದೇ ಕಾಗದ, ಅದೇ ನಾಲ್ಕು ಸಹಿ. ಮೂರು ಸಿಕ್ಕಿತು.

ಒಬ್ಬರು ಬೇಡ ಅಂದರೇ ಅಂತ ಕೇಳಿದೆ.

“ಬೇಡ ಅಂದಿದ್ರೆ ಜಗಳಾನಾದ್ರೂ ಆಡ್ಬೋದಿತ್ತು. ನೋಡೋಣ ಅಂದ್ರು. ಇನ್ನೂ ನೋಡ್ತಾನೇ ಇದಾರೆ.”

ಯಾರು ಅಂತ ಹೇಳಲಿಲ್ಲ. ಬೆಳಗಾದರೆ ಅವರ ಮುಖವನ್ನೇ ನೋಡಬೇಕಲ್ಲ ಅಂದರು. ಆಮೇಲೆ ಜರೀನಾಳ ಕಡೆ ತಿರುಗದೆಯೇ, ಲೇತಿನ ಹಿಡಿಯನ್ನು ಒರೆಸುತ್ತಾ ಹೇಳಿದರು.

“ನಾನೂ ನಿಂಗೆ ಅದೇ ಮಾಡಿದೆ, ಅಲ್ವೇನಮ್ಮಾ? ಮೂರು ಸಲ.”

ಅವರು ಲೇತಿನ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದರು. ಮೋಟಾರು ಎಷ್ಟು ಎಚ್‌ಪಿ, ಎಲ್ಲಿ ಕೂರಿಸುತ್ತೀರಿ ಅಂತ ಕೇಳಿದರು. ನೆಲಕ್ಕೆ ನೇರ ಬೋಲ್ಟು ಹಾಕಬೇಡಿ, ಸದ್ದು ಗೋಡೆಗೆ ಹತ್ತುತ್ತದೆ ಅಂತ ಹೇಳಿ, ಮೂಲೆಯಲ್ಲಿ ಸುತ್ತಿಟ್ಟಿದ್ದ ದಪ್ಪ ರಬ್ಬರ್ ಬೆಲ್ಟಿನಿಂದ ನಾಲ್ಕು ತುಂಡು ಕತ್ತರಿಸಿ ಕೊಟ್ಟರು, ಮೋಟಾರಿನ ನಾಲ್ಕು ಕಾಲಿಗೆ. ಅವನ್ನು ಕತ್ತರಿಸುವಾಗ ಅವರ ಮುಖ ನೋಡಬೇಕಿತ್ತು. ನಾಲ್ಕು ವರ್ಷದ ಮೇಲೆ ಕೈಗೊಂದು ಕೆಲಸ ಸಿಕ್ಕ ಮುಖ.

ಬಸ್ಸಿನಲ್ಲಿ ಕಾಗದವನ್ನು ನಾನು ಹಿಡಿದುಕೊಳ್ಳಲೇ ಅಂದೆ.

“ಬೇಡ ಮಾರಾಯ್ತಿ,” ಅಂದಳು ಜರೀನಾ. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಅಕ್ಕಾ ಬಿಟ್ಟು ಬೇರೆ ಕರೆದದ್ದು ಅದೊಂದೇ ಸಲ. ಬಸ್ಸು ಇಳಿಯುವವರೆಗೂ ಇಬ್ಬರೂ ನಗುತ್ತಿದ್ದೆವು.

ಗುಮಾಸ್ತರು ಮಾತು ಉಳಿಸಿಕೊಂಡರು. ರಂಜಾನ್ ಉಪವಾಸ ಶುರುವಾಗಿ ಹತ್ತು ದಿನಕ್ಕೆ ಮೀಟರ್ ಬಂತು, ನಿನ್ನೆ ಬೆಳಿಗ್ಗೆ ಮೋಟಾರು ತಿರುಗಿತು. ಕರೆಂಟ್ ದಿನಕ್ಕೆರಡು ಸಲ ಹೋಗುವುದು ತಪ್ಪಿಲ್ಲ, ಹಳೆಯ ಹಿಡಿಕೆ ಗೋಡೆಯ ಮೊಳೆಯಲ್ಲಿ ಹಾಗೆಯೇ ಇದೆ. ಅವಳ ಟೆರೇಸ್ ಸಾಲದು ಅಂತ ನಮ್ಮ ಟೆರೇಸಿನಲ್ಲೂ ಈಗ ಕೋಲು ಕಟ್ಟಿದ್ದೇವೆ. ಕಟ್ಟಿದವರು ಇವರೇ. ಕಾಗೆ ಓಡಿಸುವ ಕೆಲಸವನ್ನೂ ತಾವಾಗಿ ವಹಿಸಿಕೊಂಡಿದ್ದಾರೆ. ಅಂಗಡಿಯವರಿಬ್ಬರೂ ಹಬ್ಬದವರೆಗೆ ಕಾಯುತ್ತೇವೆ ಅಂದಿದ್ದಾರೆ. ನಾನು ಮಾಡಿದ ತಪ್ಪನ್ನು ಎಷ್ಟು ಜನ ಸೇರಿ ಮುಚ್ಚಿದರು ಅಂತ ನೆನೆದರೆ ಯಾರಿಗೆ ಮೊದಲು ಕೈಮುಗಿಯಲಿ ಅಂತ ತಿಳಿಯುವುದಿಲ್ಲ. ಕೈಮುಗಿದರೆ ಜರೀನಾ ಬೈಯುತ್ತಾಳೆ.

ಮುನಿಸ್ವಾಮಿಯವರ ಬೀದಿಯ ಆ ನಾಲ್ಕನೆಯ ಮನೆಯವರು ಈ ಪತ್ರಿಕೆ ತರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ತರಿಸುವುದಾದರೆ, ದಯವಿಟ್ಟು ಪೆನ್ನು ಹುಡುಕಿ.

ಮೊದಲ ಶ್ಯಾವಿಗೆ ಇವತ್ತು ಗೋಡೆ ದಾಟಿ ಬಂತು. ಹಿಟ್ಟಿಗೆ ಉಪ್ಪು ಸಾಕೋ ಏನೋ, ನಾನು ಉಪವಾಸ, ನೀವೇ ನೋಡಿ ಹೇಳಿ ಅಂತ ಅಪ್ಪಣೆ. ಮಧ್ಯಾಹ್ನಕ್ಕೆ ಅನ್ನ, ದಂಟಿನ ಸೊಪ್ಪಿನ ಸಾರು, ಹಪ್ಪಳ, ಶ್ಯಾವಿಗೆ ಪಾಯಸ. ಇವರು ಪಾಯಸವನ್ನು ಎರಡು ಸಲ ಹಾಕಿಸಿಕೊಂಡು, ಮೂರನೆಯ ಸಲ ಪಾತ್ರೆಯ ಕಡೆ ಬರೀ ನೋಡಿದರು. ಉಪ್ಪು ಸರಿಯಾಗಿದೆ ಅಂತ ಗೋಡೆಯ ಹತ್ತಿರ ಹೋಗಿ ಹೇಳಿ, ತಟ್ಟೆ ತೊಳೆದು, ಕೈ ಒರೆಸಿಕೊಂಡು ಒಳಗೆ ಬರುವಷ್ಟರಲ್ಲಿ ಇವರು ಹಿತ್ತಿಲ ಕೋಣೆಯಲ್ಲಿ ಮಲಗಿ ನಿದ್ದೆ ಹೋಗಿದ್ದರು.

ಗೋಡೆಯ ಆಚೆ ರಬ್ಬರ್ ಮೇಲೆ ಕೂತ ಜರೀನಾಳ ಮೋಟಾರಿನ ಮೆಲುಸದ್ದು, ಈಚೆ ಅದನ್ನೂ ಮುಚ್ಚಿಹಾಕುವ ಇವರ ಗೊರಕೆ. ನಾಲ್ಕು ದಿಕ್ಕಿನ ಸಹಿ ನಿಜವಾಗಿ ಬೇಕಾಗಿದ್ದದ್ದು ಯಾವುದಕ್ಕೆ, ನೀವೇ ಹೇಳಿ?