ವಾಂತಿ: ಇಲ್ಲ

ನನ್ನ ಅಕ್ಕನನ್ನು ಕಾರ್ಖಾನೆಯವರೆಲ್ಲ ಉಪ್ಪಕ್ಕ ಎಂದೇ ಕರೆಯುತ್ತಿದ್ದರು. ನಾನೂರು ಜನಕ್ಕೆ ಬೇಯುವ ಪಾತ್ರೆಗೆ ಅವಳು ಮುಷ್ಟಿ ತುಂಬ ಉಪ್ಪು ಹಾಕಿದಳೆಂದರೆ ಮುಗಿಯಿತು, ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೂ ಹೆಚ್ಚಾಯಿತು, ಕಮ್ಮಿಯಾಯಿತು ಎಂದವನಿಲ್ಲ. ಕ್ಯಾಂಟೀನಿಗೆ ಇದ್ದದ್ದು ಒಂದೇ ಕಾನೂನು. ಉಪ್ಪಕ್ಕ ರುಚಿ ನೋಡದೆ ಯಾವ ಪಾತ್ರೆಯೂ ಒಲೆಯಿಂದ ಇಳಿಯುವಂತಿಲ್ಲ. ಸೌಟಿನಿಂದ ಎಡಗೈಯ ಅಂಗೈಗೆ ಸುರಿದುಕೊಳ್ಳುವುದು, ಒಮ್ಮೆ ಊದುವುದು, ನೆಕ್ಕುವುದು, ತಲೆಯಾಡಿಸುವುದು. ನಾನು ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು. ಇದನ್ನು ದಿನಾ ನೋಡುತ್ತಿದ್ದೆ, ನೋಡಿದ್ದೇನೆಂದು ಮಾತ್ರ ನನಗೇ ಗೊತ್ತಿರಲಿಲ್ಲ.

ಅಕ್ಕ ನೂರ ಮೂವತ್ತಾರು ಕಿಲೋ ಆಗಿದ್ದಳು. ಮಂಡಿ ಸವೆದಿತ್ತು, ಸಕ್ಕರೆ ಕಾಯಿಲೆ ಏರಿತ್ತು, ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಿದ್ದಳು. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಳ್ಳದಿದ್ದರೆ ಐದು ವರ್ಷ ಬದುಕುವ ಮಾತು ಹೇಳಲಾರೆ ಎಂದರು ಡಾಕ್ಟರು. ಅದಕ್ಕೂ ಮೊದಲು ತಿನ್ನುವ ಅಭ್ಯಾಸ ಬದಲಾಗಬೇಕು ಎಂದು ಆಸ್ಪತ್ರೆಯ ಆಹಾರದ ಮೇಡಂ ಒಂದು ನೋಟ್‌ಬುಕ್ ಕೊಟ್ಟರು. ಬಾಯಿಗೆ ಹೋದದ್ದೆಲ್ಲ ಅದರಲ್ಲಿ ಬರೆಯಬೇಕು.

ಅಕ್ಕ ಪ್ರಾಮಾಣಿಕಳು. ಎರಡು ಮೊಟ್ಟೆ, ಒಂದು ಬಟ್ಟಲು ಬೇಳೆ, ಒಂದು ಸೇಬು ಎಂದು ದುಂಡಗಿನ ಅಕ್ಷರದಲ್ಲಿ ಬರೆದಳು. ಒಂದು ತಿಂಗಳಾದರೂ ಅರ್ಧ ಕಿಲೋವೂ ಇಳಿಯಲಿಲ್ಲ. ಮೇಡಂ ಅನುಮಾನದಿಂದ ನೋಡಿದರು, ಅಕ್ಕ ಮನೆಗೆ ಬಂದು ಅತ್ತಳು. ಅವಳು ಸುಳ್ಳು ಹೇಳಿರಲಿಲ್ಲ. ಅಡುಗೆಯವರ ಲೆಕ್ಕದಲ್ಲಿ ರುಚಿ ನೋಡುವುದು ಕೆಲಸ, ತಿನ್ನುವುದಲ್ಲ. ಈರುಳ್ಳಿ ಹೆಚ್ಚುವವಳು ಈರುಳ್ಳಿ ತಿಂದಳು ಎನ್ನುತ್ತಾರೆಯೇ?

ಮರುದಿನ ನಾನೊಂದು ಕೆಲಸ ಮಾಡಿದೆ. ಅವಳು ನೆಕ್ಕಿದಾಗಲೆಲ್ಲ ಅಷ್ಟನ್ನೇ ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತ ಹೋದೆ. ಸಂಜೆ ಮುಚ್ಚಳ ತೆಗೆದು ಅವಳ ಮುಂದಿಟ್ಟೆ. ಸೂಪು, ಬೇಳೆ, ಪಾಯಸ ಎಲ್ಲ ಕಲೆತು ಬೂದಿ ಬಣ್ಣದ ರಾಡಿಯಾಗಿ ಡಬ್ಬಿ ತುಂಬಿತ್ತು. ಅವಳು ಮುಚ್ಚಳ ಹಾಕಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ನಾಳೆಯಿಂದ ನೀನೇ ನೋಡು ರುಚಿ ಎಂದಳು.

ಆಪರೇಷನ್ ಆಯಿತು. ಮೊದಲು ಬರೀ ನೀರಿನಂಥದ್ದು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಒಂದು ಸಣ್ಣ ಬಟ್ಟಲಿಗಿಂತ ಹೆಚ್ಚು ಹಿಡಿಯದು. ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು, ಊಟದ ಜೊತೆ ನೀರು ಕೂಡದು, ವಿಟಮಿನ್ ಮಾತ್ರೆಗಳನ್ನು ಜೀವನಪೂರ್ತಿ ಬಿಡಕೂಡದು. ನೋಟ್‌ಬುಕ್ಕಿನಲ್ಲಿ ವಾಂತಿ ಎಂಬ ಹೊಸ ಕಾಲಂ ಬಂತು. ಎರಡು ದಿನ ಬಿಡದೆ ವಾಂತಿಯಾದರೆ ಹೊರಟು ಬನ್ನಿ, ಕಾಯಬೇಡಿ ಎಂದು ಮೇಡಂ ಹೇಳಿದ್ದು ನನ್ನ ಮುಖ ನೋಡಿಕೊಂಡೇ. ನಾನು ತಲೆಯಾಡಿಸಿದ್ದೆ.

ಏಳನೇ ವಾರ ಅಕ್ಕ ಕೆಲಸಕ್ಕೆ ಬಂದಳು. ಭಾವ ಬೇಡವೆಂದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ರುಚಿ ನೋಡಿದ ಊಟಕ್ಕೆ ಜನ ಮೂಗು ಮುರಿಯುತ್ತಿದ್ದರು ಅನ್ನುವುದೂ ನಿಜ. ಮೇಲ್ವಿಚಾರಕ ಬೇರೆ, ಹೊಸ ಅಡುಗೆಯವರನ್ನು ಹುಡುಕಬೇಕೇನೋ ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದ್ದ. ಅಕ್ಕ ಬಂದವಳೇ ಸೌಟು ಕಿತ್ತುಕೊಂಡಳು. ಎಡಗೈ ತಾನಾಗಿ ಮುಂದೆ ಬಂತು.

ಆಗಲೇ ಶುರುವಾಯಿತು. ಅಷ್ಟಿಷ್ಟು ನೆಕ್ಕುತ್ತ ಆ ಪುಟ್ಟ ಹೊಟ್ಟೆ ಹನ್ನೊಂದು ಗಂಟೆಗೇ ತುಂಬಿಬಿಡುತ್ತಿತ್ತು. ಅದರ ಮೇಲೆ ಮಧ್ಯಾಹ್ನದ ಊಟ ಹೋದರೆ ಎಲ್ಲ ವಾಪಸು. ಪಾತ್ರೆ ತೊಳೆಯುವ ಜಾಗದ ಹಿಂದೆ ಒಂದು ನೀಲಿ ಬೋಗುಣಿ ಇಟ್ಟುಕೊಂಡಳು. ಮಾತ್ರೆಯೂ ಜಾಗ ತಿನ್ನುತ್ತದೆ ಎಂದು ಅದನ್ನೂ ಬಿಟ್ಟಳು.

ಎರಡು ದಿನವಾಯಿತು, ನಾಲ್ಕಾಯಿತು. ಹೋಗೋಣ ಎಂದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಹೇಳಿದ್ರೆ ನನ್ನ ಅಡುಗೆಮನೆಗೆ ಬಿಡಲ್ಲ ಕಣೇ. ಮನೇಲಿ ಕೂತ್ಕೊಂಡು ನಾನೇನು ಮಾಡ್ಲಿ? ತೂಕ ಇಳೀತಿದೆ ತಾನೇ, ಸುಮ್ನಿರು."

ತೂಕವೇನೋ ಇಳಿಯುತ್ತಿತ್ತು. ಕಾರ್ಖಾನೆಯವರು ಅರ್ಧ ಉಪ್ಪಕ್ಕ ಎಲ್ಲಿ ಹೋದಳು ಎಂದು ತಮಾಷೆ ಮಾಡುತ್ತಿದ್ದರು, ಅವಳು ಸೆರಗು ಸುತ್ತಿ ನಗುತ್ತಿದ್ದಳು. ಆ ನಗು ನೋಡಿ ನಾನು ಬಾಯಿ ಮುಚ್ಚಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಐದು ವಾರ ಬೋಗುಣಿ ತೊಳೆದವಳು ನಾನು. ಭಾವ ಕೇಳಿದರೆ ಚೆನ್ನಾಗಿದ್ದಾಳೆ ಎಂದವಳೂ ನಾನು. ದಿನಾ ಸಂಜೆ ಅವಳು ನೋಟ್‌ಬುಕ್ ತೆರೆದು ವಾಂತಿಯ ಕಾಲಂನಲ್ಲಿ 'ಇಲ್ಲ' ಎಂದು ದುಂಡಗೆ ಬರೆಯುವಾಗ ಪಕ್ಕದಲ್ಲೇ ಇರುತ್ತಿದ್ದೆ.

ಮೊದಲು ಕಣ್ಣು. ಒಂದು ಪಾತ್ರೆ ಎರಡಾಗಿ ಕಾಣ್ತಿದೆ ಎಂದಳು, ನಿದ್ದೆ ಸಾಲದು ಎಂದುಕೊಂಡೆವು. ಆಮೇಲೆ ನಡಿಗೆ. ಒದ್ದೆ ನೆಲದ ಮೇಲೆ ನಡೆಯುವವಳಂತೆ ಕಾಲು ಅಗಲಿಸಿ ನಡೆಯತೊಡಗಿದಳು. ಒಂದು ಬೆಳಿಗ್ಗೆ ಆಲೂಗಡ್ಡೆ ಬೇಯಿಸಿದ ನೀರು ಬಸಿಯುವಾಗ ಒಂದು ಚೊಂಬಿನಷ್ಟು ಅವಳ ಬಲಪಾದದ ಮೇಲೆ ಚೆಲ್ಲಿತು. ಕೊತಕೊತ ಕುದಿಯುತ್ತಿದ್ದ ನೀರು. ನಾನು ಕಿರುಚಿದೆ. ಅಕ್ಕ ತಿರುಗಿ, ಯಾಕೆ, ಏನಾಯ್ತು ಎಂಬಂತೆ ನನ್ನನ್ನು ನೋಡಿದಳು. ಪಾದ ಕೆಂಪಗಾಗುತ್ತಿತ್ತು, ಅವಳು ಅದರ ಮೇಲೇ ನಿಂತಿದ್ದಳು. 

ನಾನು ತಣ್ಣೀರು ತರುವಷ್ಟರಲ್ಲಿ ಅವಳು ಬೇಳೆಯ ಪಾತ್ರೆಗೆ ಮುಷ್ಟಿ ಉಪ್ಪು ಹಾಕಿದಳು. ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಮತ್ತೆ ಮುಷ್ಟಿ ತುಂಬಿಕೊಂಡಳು.

"ಅಕ್ಕ, ಈಗ ತಾನೇ ಹಾಕಿದ್ಯಲ್ಲ."

"ಎಲ್ಲೇ ಹಾಕ್ದೆ? ಇನ್ನೂ ಉಪ್ಪೇ ಹಾಕಿಲ್ಲ ಇದಕ್ಕೆ."

ಮೂರನೆಯ ಮುಷ್ಟಿಗೆ ನಾನು ಅವಳ ಕೈ ಹಿಡಿದುಕೊಂಡೆ. ಒಲೆಗಳನ್ನು ಆರಿಸಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆವತ್ತು ನಾನೂರು ಜನ ಏನು ತಿಂದರೋ ನನಗೆ ಗೊತ್ತಿಲ್ಲ.

ದೇಹದಲ್ಲಿ ಒಂದು ವಿಟಮಿನ್ ಪೂರ್ತಿ ಖಾಲಿಯಾಗಿದೆ, ಅದಿಲ್ಲದೆ ನರವೂ ಮಿದುಳೂ ನಡೆಯವು ಎಂದು ಡಾಕ್ಟರು ಹೇಳಿದರು. ಸೂಜಿಯಲ್ಲಿ ಅದನ್ನು ಕೊಟ್ಟರು. ಎಷ್ಟು ದಿನದಿಂದ ವಾಂತಿ ಎಂದು ಕೇಳಿದಾಗ ಭಾವ, ವಾಂತಿಯೇ ಇಲ್ಲವಲ್ಲ ಎಂದು ನೋಟ್‌ಬುಕ್ ಮುಂದೆ ಹಿಡಿದರು. ಐದು ವಾರದಿಂದ ಎಂದೆ. ಭಾವ ಆಮೇಲೆ ನನ್ನೊಡನೆ ಮಾತಾಡಿಲ್ಲ, ಮಾತಾಡಬೇಕೆಂದು ನಾನೂ ಕೇಳುವುದಿಲ್ಲ.

ಕಣ್ಣು ಸರಿಹೋಯಿತು. ಕೋಲು ಹಿಡಿದರೆ ನಡೆಯುತ್ತಾಳೆ. ಹಳೆಯದೆಲ್ಲ ನೆನಪಿದೆ, ಆದರೆ ಹೊಸದು ಕಾಲು ಗಂಟೆಯೂ ನಿಲ್ಲುವುದಿಲ್ಲ. ನಾನು ಕೆಲಸ ಬಿಟ್ಟು ಅವಳ ಜೊತೆ ಇದ್ದೇನೆ. ತುತ್ತು ಎಣಿಸಿ ತಿನ್ನಿಸುತ್ತೇನೆ, ಬಾಯಿ ಒರೆಸುತ್ತೇನೆ, ಬಟ್ಟಲು ತೊಳೆದು ಬರುವಷ್ಟರಲ್ಲಿ ನನಗಿನ್ನೂ ಊಟ ಹಾಕಿಲ್ಲ ಎಂದು ಕಾಯುತ್ತಿರುತ್ತಾಳೆ. ಅಡುಗೆಮನೆಯ ಬಾಗಿಲಿಗೆ ಬೀಗ ಹಾಕಿದ್ದೇವೆ. ಉಪ್ಪಕ್ಕನಿಗೆ ಅಡುಗೆಮನೆಯ ಬೀಗ!

ನನ್ನ ಮಾತು ಅವಳು ನಂಬುವುದಿಲ್ಲ. ತನ್ನ ಅಕ್ಷರವನ್ನು ಮಾತ್ರ ನಂಬುತ್ತಾಳೆ. ಅದಕ್ಕೆ ಊಟವಾದ ಕೂಡಲೇ ಅವಳ ಕೈಯಲ್ಲೇ 'ಊಟ ಆಯಿತು' ಎಂದು ಬರೆಸುತ್ತೇನೆ. ಅದನ್ನು ಓದಿಕೊಂಡು ಸುಮ್ಮನಾಗುತ್ತಾಳೆ. ಆದರೆ ಪುಟ ಹಿಂದಕ್ಕೆ ತಿರುಗಿಸುವ ಅಭ್ಯಾಸ ಬಿಟ್ಟಿಲ್ಲ. ದಿನಾ ಒಮ್ಮೆಯಾದರೂ ಆ ಐದು ವಾರಗಳಿಗೆ ಬಂದು ನಿಲ್ಲುತ್ತಾಳೆ, ಬೆರಳಿಟ್ಟು ಕಾಲಂ ಪೂರ್ತಿ ಓದುತ್ತಾಳೆ.

"ನೋಡೇ, ಒಂದು ದಿನಾನೂ ವಾಂತಿ ಆಗಿಲ್ಲ ನಂಗೆ. ಎಲ್ಲ ಸರಿಯಾಗೇ ಮಾಡಿದ್ದೀನಿ. ಮತ್ತೆ ಯಾಕೆ ಹೀಗಾಯ್ತು?"

ಅದು ಸುಳ್ಳಕ್ಕ, ಬೋಗುಣಿ ತೊಳೆದವಳು ನಾನೇ ಎಂದು ಹೇಳುತ್ತೇನೆ. ಅವಳ ಮುಖ ಇಳಿಯುತ್ತದೆ.

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?" ಎಂದು ಕೇಳುತ್ತಾಳೆ.

ನಾನು ಉತ್ತರ ಕೊಡುವ ಮೊದಲೇ ಅವಳಿಗೆ ಪ್ರಶ್ನೆ ಮರೆತಿರುತ್ತದೆ. ನಾಳೆ ಮತ್ತೆ ಕೇಳುತ್ತಾಳೆ.